ಹೂಜಿಯ ಸದ್ದು, ರಾಕಿಯ ಕಾಯಿಲೆ, ನಮ್ಮದೊಂದು ತಪ್ಪು

ಹಾಸನದ ಓದುಗರೊಬ್ಬರ ಪತ್ರ ಹೀಗಿದೆ: “ಕಳೆದ ಸಂಚಿಕೆಯಲ್ಲಿ ನೀವು ಬರೆದ, ಅಮೆರಿಕದ ಅರವತ್ತರ ದಶಕದ ರಾಕ್ ತಂಡ ಥರ್ಟೀನ್ತ್ ಫ್ಲೋರ್ ಎಲಿವೇಟರ್ಸ್‌ನ ಪರಿಚಯ ಓದಿ ಅವರ ಹಾಡು ಹುಡುಕಿ ಕೇಳಿದೆ. ಹಾಡಿನುದ್ದಕ್ಕೂ ಪಾರಿವಾಳ ಗುಟುರು ಹಾಕಿದ ಹಾಗೆ ಒಂದು ಸದ್ದು ಬರುತ್ತದಲ್ಲ, ಏನದು? ಇನ್ನಷ್ಟು ಹುಡುಕಿದರೆ ಬರೀ ಅಂತೆಕಂತೆ. ಎಲ್ಲರೂ ಎಲ್‌ಎಸ್‌ಡಿ ಎಂಬ ನಶೆಯ ಮದ್ದು ತಗೊಂಡೇ ವೇದಿಕೆ ಹತ್ತುತ್ತಿದ್ದರಂತೆ. ಹೆಸರಾಂತ ಗಾಯಕಿ ಜಾನಿಸ್ ಜಾಪ್ಲಿನ್ ಇದೇ ತಂಡದವಳಂತೆ. ಗಾಯಕ ಜೈಲು ತಪ್ಪಿಸಿಕೊಳ್ಳಲು ಹುಚ್ಚನ ನಾಟಕ ಆಡಿ, ಕೊನೆಗೆ ನಿಜವಾಗಿಯೂ ಹುಚ್ಚನಾದನಂತೆ. ಇದರಲ್ಲಿ ನಿಜ ಎಷ್ಟು? ಆ ಹುಚ್ಚು ಇಲ್ಲದಿದ್ದರೆ ಇಂಥ ಸಂಗೀತ ಹುಟ್ಟುತ್ತಿತ್ತೇ?”

ಸಂಪಾದಕರ ಉತ್ತರ:

ಮೊದಲು ಪಾರಿವಾಳದ ವಿಷಯ. ಅದು ಹೂಜಿ. ಅಮೆರಿಕದ ದಕ್ಷಿಣದ ಹಳೆಯ ಜಗ್ ಬ್ಯಾಂಡುಗಳಲ್ಲಿ ಖಾಲಿ ಹೂಜಿಯ ಬಾಯಿಗೆ ತುಟಿ ಹಿಡಿದು ಊದಿ, ಬುಂಯ್ ಬುಂಯ್ ಎಂದು ತಗ್ಗಿನ ಸ್ವರ ತೆಗೆಯುತ್ತಿದ್ದರು. ನಮ್ಮ ಘಟದ ಹಾಗೆ ಬಾರಿಸುವುದಲ್ಲ. ಈ ತಂಡದ ಟಾಮಿ ಹಾಲ್ ಆ ಪದ್ಧತಿಯನ್ನೂ ಬಿಟ್ಟ. ಹೂಜಿಯ ಬಾಯಿಗೆ ಮೈಕ್ ಹಿಡಿದುಕೊಂಡು, ಅದರೊಳಗೆ ಗಂಟಲಿನಿಂದಲೇ ವೇಗವಾಗಿ ಸದ್ದು ಮಾಡುತ್ತಿದ್ದ. ಹೂಜಿಯೊಳಗೆ ಮಾರ್ದನಿಗೊಂಡು ಬರುವ ಆ ಗುಟುಗುಟು ಸದ್ದನ್ನೇ ನೀವು ಕೇಳಿದ್ದು. ಮೊದಲ ಸಲ ಕೇಳಿದಾಗ ನನಗೆ ಸ್ಪೀಕರ್ ಕೆಟ್ಟಿದೆ ಅನ್ನಿಸಿತ್ತು.

ಟಾಮಿ ಹಾಲ್ ಹಾಡುಗಾರನಲ್ಲ, ಗಿಟಾರ್ ಬರುತ್ತಿರಲಿಲ್ಲ. ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ, ತತ್ವಶಾಸ್ತ್ರದ ಗೀಳಿನ ಮನುಷ್ಯ. ಹಾಡುಗಳ ಸಾಹಿತ್ಯ ಬಹುಪಾಲು ಅವನದು. ಮೊದಲ ಆಲ್ಬಮ್ಮಿನ ಹಿಂಬದಿಯಲ್ಲಿ ಅರಿಸ್ಟಾಟಲನ ತರ್ಕದ ಬಗ್ಗೆ ಪುಟ್ಟ ಪ್ರಬಂಧವನ್ನೇ ಬರೆದ. ರಾಕ್ ರೆಕಾರ್ಡಿನ ರಟ್ಟಿನ ಮೇಲೆ ಅರಿಸ್ಟಾಟಲ್!

ಉಳಿದವರು ಬೇರೆಯೇ ಬಗೆ. ಗಿಟಾರಿನ ಸ್ಟೇಸಿ ಸದರ್ಲ್ಯಾಂಡ್, ಡ್ರಮ್ಮಿನ ಜಾನ್ ಐಕ್ ವಾಲ್ಟನ್ ಇಬ್ಬರೂ ಟೆಕ್ಸಸ್‌ನ ಕೆರ್ವಿಲ್ ಎಂಬ ಸಣ್ಣ ಊರಿನವರು. ಬೇಸ್ ನುಡಿಸುತ್ತಿದ್ದ ಬೆನ್ನಿ ಥರ್ಮನ್ ಜೊತೆ ಸೇರಿ ಲಿಂಗ್ಸ್‌ಮೆನ್ ಎಂಬ ತಂಡ ಕಟ್ಟಿಕೊಂಡು, ಪೋರ್ಟ್ ಅರಾನ್ಸಸ್ ಎಂಬ ಕಡಲೂರಿನಲ್ಲಿ ನುಡಿಸುತ್ತಿದ್ದರು. 1965ರ ಕೊನೆಯಲ್ಲಿ ಟಾಮಿ ಇವರನ್ನು ಗಾಯಕ ರಾಕಿ ಎರಿಕ್ಸನ್ ಜೊತೆ ಕೂಡಿಸಿದ. ರಾಕಿಗೆ ಆಗ 18. ಕೂದಲು ಕತ್ತರಿಸಿಕೊಳ್ಳಲು ಒಪ್ಪದೆ, ಹೈಸ್ಕೂಲ್ ಮುಗಿಯಲು ಇನ್ನೇನು ತಿಂಗಳಿದೆ ಎನ್ನುವಾಗ ಶಾಲೆ ಬಿಟ್ಟು ಬಂದವನು. ಅವನ ಚೀತ್ಕಾರ ಕೇಳಿದ್ದೀರಲ್ಲ, ಅದನ್ನು ನಾನು ವಿವರಿಸಲು ಹೋಗುವುದಿಲ್ಲ.

ಹೆಸರಿನ ಕತೆ ಚಿಕ್ಕದು. ಎಲಿವೇಟರ್ಸ್, ಅಂದರೆ ಲಿಫ್ಟುಗಳು, ಎಂದದ್ದು ವಾಲ್ಟನ್, ಅದಕ್ಕೆ 13ನೇ ಮಹಡಿ ಸೇರಿಸಿದ್ದು ಟಾಮಿಯ ಹೆಂಡತಿ ಕ್ಲೆಮೆಂಟೀನ್. ಅಲ್ಲಿನ ಎಷ್ಟೋ ಕಟ್ಟಡಗಳಲ್ಲಿ ಅಪಶಕುನ ಅಂತ 13ನೇ ಮಹಡಿಯೇ ಇರುವುದಿಲ್ಲ. ಇಂಗ್ಲಿಷ್ ಅಕ್ಷರಮಾಲೆಯಲ್ಲಿ 13ನೆಯದು ಎಮ್, ಅಂದರೆ ಮರಿವಾನಾ, ನಮ್ಮ ಗಾಂಜಾ. ಅದೂ ಲೆಕ್ಕದಲ್ಲಿತ್ತು.

ಈಗ ಎಲ್‌ಎಸ್‌ಡಿ. ಟಾಮಿಗೆ ಅದು ಮೋಜಲ್ಲ, ಮತ. ತಂಡದವರೆಲ್ಲ ತೆಗೆದುಕೊಂಡು ನುಡಿಸಬೇಕು, ಆಗಲೇ ಮನಸ್ಸು ಮೇಲಕ್ಕೇರುತ್ತದೆ ಎಂದು ನಂಬಿದ್ದ. ಟಿವಿಯ ಅಮೆರಿಕನ್ ಬ್ಯಾಂಡ್‌ಸ್ಟ್ಯಾಂಡ್ ಕಾರ್ಯಕ್ರಮದಲ್ಲಿ ನಿರೂಪಕ ಡಿಕ್ ಕ್ಲಾರ್ಕ್, ಈ ತಂಡದ ಹೆಡ್ ಯಾರು ಎಂದು ಕೇಳಿದರೆ, ಟಾಮಿ ನಾವೆಲ್ಲರೂ ಹೆಡ್‌ಗಳೇ ಅಂದ. ಹೆಡ್ ಅಂದರೆ ಅಲ್ಲಿನ ಹುಡುಗರ ಮಾತಿನಲ್ಲಿ ನಶೆಯವನು. ಆದರೆ “ಎಲ್ಲರೂ” ಎಂಬುದು ಸುಳ್ಳು. ವಾಲ್ಟನ್‌ಗೆ ಈ ಉಪದೇಶ ಸರಿಬರಲಿಲ್ಲ. ಅದೇ ಜಗಳ, ಜೊತೆಗೆ ರೆಕಾರ್ಡ್ ಕಂಪನಿಯ ಬಗ್ಗೆ ಅಸಮಾಧಾನ, ಎರಡೂ ಕೂಡಿ 1967ರಲ್ಲಿ ಅವನೂ, ಥರ್ಮನ್ ಜಾಗಕ್ಕೆ ಬಂದಿದ್ದ ರಾನಿ ಲೆದರ್‌ಮನ್ ಕೂಡ ತಂಡ ಬಿಟ್ಟರು. ದಂತಕತೆಗಳಲ್ಲಿ ಇವರಿಬ್ಬರಿಗೆ ಜಾಗವೇ ಇಲ್ಲ. ಬೇಡ ಎಂದವನ ಕತೆ ಯಾರಿಗೆ ಬೇಕು, ಅಲ್ವಾ?

ಜಾನಿಸ್ ಜಾಪ್ಲಿನ್ ಈ ತಂಡದವಳಲ್ಲ. ಆದರೆ ಮಾತು ಸುಮ್ನೆ ಹುಟ್ಟಿದ್ದೂ ಅಲ್ಲ. ಅವಳೂ ಟೆಕ್ಸಸ್‌ನವಳು, ಈ ತಂಡದ ಊರಾದ ಆಸ್ಟಿನ್‌ನಲ್ಲಿ ಹಾಡುತ್ತಿದ್ದವಳು. 1966ರ ಮಾರ್ಚ್‌ನಲ್ಲಿ ಅಲ್ಲಿನ ಒಂದೇ ಸಹಾಯಾರ್ಥ ಕಾರ್ಯಕ್ರಮದಲ್ಲಿ ಅವಳೂ ಇವರೂ ಇದ್ದರು. ಅವಳ ಹಳೆಯ ತಂಡದ ಗೆಳೆಯ ಪೊವೆಲ್ ಸೇಂಟ್ ಜಾನ್ ಇವರಿಗೆ ಹಾಡು ಬರೆದುಕೊಟ್ಟಿದ್ದಾನೆ. ಜೂನ್‌ನಲ್ಲಿ ಅವಳು ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ಬೇರೆ ತಂಡ ಸೇರಿದಳು.

ಇನ್ನು ರಾಕಿ. ನಿಮ್ಮ ಪತ್ರದ ಈ ಭಾಗಕ್ಕೇ ಇಷ್ಟುದ್ದ ಉತ್ತರ ಬರೆಯಬೇಕೆನಿಸಿದ್ದು.

ವರ್ಷಗಳನ್ನು ಸಾಲಾಗಿ ಇಟ್ಟು ನೋಡಿ. “ಯೂ ಆರ್ ಗೊನ್ನಾ ಮಿಸ್ ಮಿ” ಹಾಡು 1966ರದು. ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 55ನೇ ಸ್ಥಾನದವರೆಗೆ ಹೋಯಿತು. ಮೊದಲ ಆಲ್ಬಮ್ ಅದೇ ವರ್ಷ. ಎರಡನೆಯದು, ನನ್ನ ಮಟ್ಟಿಗೆ ಅವರ ಅತ್ಯುತ್ತಮ ಕೆಲಸ, “ಈಸ್ಟರ್ ಎವ್ರಿವೇರ್”, 1967. ರಾಕಿ ವೇದಿಕೆ ಮೇಲೆ ಅರ್ಥವಿಲ್ಲದ ಮಾತಾಡತೊಡಗಿದ್ದು 1968ರಲ್ಲಿ. ವೈದ್ಯರು ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಎಂದರು. ಒಪ್ಪಿಗೆಯಿಲ್ಲದೆ ಕರೆಂಟ್ ಶಾಕ್ ಕೊಟ್ಟರು. ಒಂದು ಗಾಂಜಾ ಬೀಡಿಯ ಜೊತೆ ಸಿಕ್ಕಿಬಿದ್ದದ್ದು ಅದಾದ ಮೇಲೆ, 1969ರಲ್ಲಿ. ಆಗಿನ ಟೆಕ್ಸಸ್ ಕಾನೂನಿನಲ್ಲಿ ಚಿಟಿಕೆ ಗಾಂಜಾಕ್ಕೂ ವರ್ಷಗಟ್ಟಲೆ ಜೈಲು. ಅದಕ್ಕೇ ಕೋರ್ಟಿನಲ್ಲಿ ಮಾನಸಿಕ ಅಸ್ವಸ್ಥತೆಯ ವಾದ ಹೂಡಿದರು. ಆಸ್ಟಿನ್ ಆಸ್ಪತ್ರೆಯಿಂದ ಮತ್ತೆ ಮತ್ತೆ ಓಡಿಹೋದ ಅಂತ ರಸ್ಕ್ ಎಂಬಲ್ಲಿನ, ಮಾನಸಿಕ ಅಸ್ವಸ್ಥ ಅಪರಾಧಿಗಳ ಆಸ್ಪತ್ರೆಗೆ ಹಾಕಿದರು. ಹೊರಬಂದದ್ದು 1972ರಲ್ಲಿ.

ಅಂದರೆ ನಾಟಕ ಆಡಿ ಹುಚ್ಚನಾದ ಎಂಬ ಕತೆ ಹಿಂದುಮುಂದು. ಕಾಯಿಲೆ ಮೊದಲೇ ಇತ್ತು. ಹುಚ್ಚಿಲ್ಲದಿದ್ದರೆ ಈ ಸಂಗೀತ ಹುಟ್ಟುತ್ತಿತ್ತೇ ಎಂದು ಕೇಳಿದ್ದೀರಿ. ಹುಟ್ಟಿತ್ತು ಸ್ವಾಮಿ, ಕಾಯಿಲೆ ಎದ್ದು ಕಾಣುವ ಮೊದಲೇ ಹುಟ್ಟಿಯಾಗಿತ್ತು. ಕಾಯಿಲೆ ಜಾಸ್ತಿಯಾದ ಮೇಲೆ ಬಂದ “ಬುಲ್ ಆಫ್ ದ ವುಡ್ಸ್” (1969) ಆಲ್ಬಮ್ಮಿನಲ್ಲಿ ರಾಕಿ ಹೆಚ್ಚೇನೂ ಸಿಗುವುದಿಲ್ಲ. ಅದನ್ನು ಬಹುಪಾಲು ಹೊತ್ತವನು ಸ್ಟೇಸಿ. ಆ ಸ್ಟೇಸಿ 1978ರಲ್ಲಿ ಹ್ಯೂಸ್ಟನ್‌ನ ತನ್ನ ಮನೆಯಲ್ಲಿ ಗುಂಡೇಟಿಗೆ ಸತ್ತ, 32 ವರ್ಷಕ್ಕೆ. ಅವನ ಗಿಟಾರಿನ ಮೇಲೆ ಒಂದು ದಂತಕತೆಯೂ ಇಲ್ಲ.

1982ರಲ್ಲಿ ರಾಕಿ, ತನ್ನ ಮೈಯಲ್ಲಿ ಮಂಗಳ ಗ್ರಹದ ಜೀವಿ ಸೇರಿಕೊಂಡಿದೆ ಎಂದು ಪ್ರಮಾಣಪತ್ರ ಬರೆದು ಸಹಿ ಮಾಡಿದ. ಇದನ್ನು ತಮಾಷೆಯಾಗಿ ಹೇಳುವವರೇ ಜಾಸ್ತಿ. ನನಗೆ ನಗು ಬರುವುದಿಲ್ಲ. 2001ರಲ್ಲಿ ರಾಕಿಯ ತಮ್ಮ ಸಮ್ನರ್ ಕಾನೂನಿನ ಮೂಲಕ ಅವನ ಜವಾಬ್ದಾರಿ ವಹಿಸಿಕೊಂಡ. ಔಷಧ, ಹಲ್ಲಿನ ಚಿಕಿತ್ಸೆ, ಹಾಡುಗಳ ಹಕ್ಕಿನ ಹಣ, ಒಂದೊಂದೇ ಸರಿಹೋಯಿತು. 2005ರಿಂದ ಮತ್ತೆ ವೇದಿಕೆ ಹತ್ತಿದ. 2010ರಲ್ಲಿ ಹೊಸ ಆಲ್ಬಮ್. 2015ರ ಮೇ ತಿಂಗಳಲ್ಲಿ ಆಸ್ಟಿನ್‌ನ ಲೆವಿಟೇಶನ್ ಉತ್ಸವದಲ್ಲಿ ರಾಕಿ, ಟಾಮಿ, ವಾಲ್ಟನ್, ಲೆದರ್‌ಮನ್ ನಾಲ್ವರೂ ಕೂಡಿ ನುಡಿಸಿದರು. ಉತ್ಸವಕ್ಕೆ ಆ ಹೆಸರು ಬಂದದ್ದೇ ಇವರ ಹಾಡಿನಿಂದ. ರಾಕಿ ತೀರಿಕೊಂಡದ್ದು 2019ರ ಮೇ 31ರಂದು, 71 ವರ್ಷಕ್ಕೆ.

ಕೊನೆಗೆ ನಮ್ಮ ತಪ್ಪು. ಕಳೆದ ಸಂಚಿಕೆಯಲ್ಲಿ, ಇವರ ಕಛೇರಿ ಹೇಗಿತ್ತು ಎಂದು ತಿಳಿಯಲು 1968ರ “ಲೈವ್” ಆಲ್ಬಮ್ ಕೇಳಿ ಎಂದು ಬರೆದಿದ್ದೆವು. ಅದು ಲೈವ್ ಅಲ್ಲವೇ ಅಲ್ಲ. ಸ್ಟುಡಿಯೋದಲ್ಲಿ ಉಳಿದಿದ್ದ ಹಾಡುಗಳಿಗೆ ಕಂಪನಿಯವರು ಚಪ್ಪಾಳೆ, ಕೇಕೆ ಅಂಟಿಸಿ ಮಾರಿದ್ದು. ದಂತಕತೆ ನಂಬಬೇಡಿ ಎಂದು ಬರೆಯುವ ನಾವೇ ಅದನ್ನು ನಂಬಿ ಅಚ್ಚು ಹಾಕಿದೆವು. ಕ್ಷಮಿಸಿ. ನೀವಿನ್ನೂ ಅದನ್ನು ಕೊಂಡಿಲ್ಲವಾದರೆ ಆ ದುಡ್ಡಿಗೆ ಮೊದಲ ಆಲ್ಬಮ್ಮಿನ ಮೋನೊ ಪ್ರತಿ, ಅಂದರೆ ಸ್ಟೀರಿಯೊ ಅಲ್ಲದ್ದು, ಹುಡುಕಿ. ಹೂಜಿ ಅದರಲ್ಲಿ ಚೆನ್ನಾಗಿ ಕೂತಿದೆ.