ಹಾಡು ಕೇಳೋಕೆ ಎರಡು ಸ್ಪೀಕರ್ ಸಾಕಾ, ಆರು ಬೇಕಾ?

ಪ್ರಶ್ನೆ: ನಾನು ದಿನಾ ಎರಡು ಮೂರು ಗಂಟೆ ಹಾಡು ಕೇಳುತ್ತೇನೆ. ಸಿನಿಮಾ ವಾರಕ್ಕೊಂದು ನೋಡಿದರೆ ಹೆಚ್ಚು. ಕೈಯಲ್ಲಿರುವ ದುಡ್ಡಿಗೆ ಒಂದು 5.1 ಹೋಮ್ ಥಿಯೇಟರ್ ಸೆಟ್ ಬರುತ್ತದೆ, ಇಲ್ಲಾಂದ್ರೆ ಒಂದು ಜೋಡಿ ಸ್ಟೀರಿಯೊ ಸ್ಪೀಕರ್ ಮತ್ತು ಆಂಪ್ಲಿಫೈಯರ್ ಬರುತ್ತದೆ. ಅಷ್ಟೇ ದುಡ್ಡಿಗೆ ಆರು ಸಿಗುವಾಗ ಎರಡನ್ನು ಯಾಕೆ ತರ್ತೀಯ ಅಂತ ಮನೆಯವರು ಕೇಳುತ್ತಿದ್ದಾರೆ. ಯಾವುದನ್ನು ತೆಗೆದುಕೊಳ್ಳಲಿ?

ಉತ್ತರ: ಜೋಡಿ ತೆಗೆದುಕೊಳ್ಳಿ.

ಮನೆಯವರ ಲೆಕ್ಕವನ್ನೇ ಸ್ವಲ್ಪ ತಿರುಗಿಸಿ ನೋಡಿ. ಅದೇ ದುಡ್ಡಿನಲ್ಲಿ ಐದು ಸ್ಪೀಕರ್, ಒಂದು ಸಬ್‌ವೂಫರ್ (ಬರೀ ಬಾಸ್ ದನಿಗೆ ಇರುವ ಡಬ್ಬಿ), ಅಷ್ಟಕ್ಕೂ ಸಾಲುವ ಆಂಪ್ಲಿಫೈಯರ್, ದನಿಯನ್ನು ಸ್ಪೀಕರ್‌ಗಳಿಗೆ ಬಿಡಿಸಿ ಹಂಚುವ ಡಿಕೋಡರ್, ರಿಮೋಟು, ಮಾರುದ್ದದ ತಂತಿ ಎಲ್ಲಾ ಬರಬೇಕು. ಹಂಚಿದ ಮೇಲೆ ಒಂದೊಂದು ಸ್ಪೀಕರ್‌ಗೆ ಉಳಿಯುವುದು ಎಷ್ಟು? ಅದಕ್ಕೇ ಆ ಸೆಟ್‌ಗಳಲ್ಲಿ ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ, ಒಳಗೆ ದನಿ ಹೊರಡಿಸುವ ಎರಡು ಮೂರು ಇಂಚಿನ ಒಂದೇ ಒಂದು ಕೋನ್ ಇರುತ್ತದೆ. ಅದೇ ದುಡ್ಡನ್ನು ಎರಡಕ್ಕೆ ಹಾಕಿದರೆ ಗಟ್ಟಿ ಮರದ ಪೆಟ್ಟಿಗೆ, ಬಾಸ್ ದನಿಗೆ ಐದು ಆರು ಇಂಚಿನ ವೂಫರ್, ಕೀರಲು ದನಿಗೆ ಬೇರೆ ಟ್ವೀಟರ್, ಎರಡಕ್ಕೂ ದನಿ ಹಂಚುವ ನೆಟ್ಟಗಿನ ಕ್ರಾಸ್‌ಓವರ್ ಸಿಗುತ್ತದೆ.

ಇನ್ನೊಂದು ವಿಷಯ, ಬಹುಪಾಲು ಹಾಡುಗಳನ್ನು ಕೊನೆಗೆ ಸಿದ್ಧ ಮಾಡುವುದೇ ಎರಡು ಚಾನಲ್‌ಗೆ, ಅಂದರೆ ಎಡಕ್ಕೊಂದು, ಬಲಕ್ಕೊಂದು. ಬ್ರಿಟಿಷ್ ಎಂಜಿನಿಯರ್ ಆಲನ್ ಬ್ಲಮ್ಲೈನ್ ಸ್ಟೀರಿಯೊಗೆ ಪೇಟೆಂಟ್ ಅರ್ಜಿ ಹಾಕಿದ್ದು 1931ರಲ್ಲಿ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯಲ್ಲೂ ಎರಡೇ ಚಾನಲ್, ಇವತ್ತು ಫೋನಿನಲ್ಲಿ ಕೇಳುವ ಬಹುಪಾಲು ಹಾಡುಗಳಲ್ಲೂ ಅಷ್ಟೇ. ಒಳ್ಳೆಯ ಜೋಡಿಯ ಮುಂದೆ ಸರಿಯಾದ ಜಾಗದಲ್ಲಿ ಕೂತು ಕಣ್ಣು ಮುಚ್ಚಿ. ಹಾಡುವವರು ಎರಡೂ ಸ್ಪೀಕರ್ ನಡುವೆ ನಿಂತಿರುತ್ತಾರೆ, ಪಿಟೀಲು ಎಡಕ್ಕೆ, ಗಿಟಾರ್ ಬಲಕ್ಕೆ. ನಡುವೆ ಸ್ಪೀಕರೇ ಇರುವುದಿಲ್ಲ! ಎರಡೂ ಕಡೆಯಿಂದ ಒಂದೇ ದನಿ ಒಂದೇ ಹೊತ್ತಿಗೆ ಬಂದಾಗ ಮಿದುಳು ಅದನ್ನು ನಡುವೆ ತಂದು ಕೂರಿಸುತ್ತದೆ. ಸ್ಟೀರಿಯೊದ ಇಡೀ ಮಜಾ ಇರುವುದು ಇದರಲ್ಲೇ.

ಹಾಗಾದರೆ 5.1ರಲ್ಲಿ ಇಂಥ ಹಾಡು ಹಾಕಿದಾಗ ಉಳಿದ ಮೂರು ಸ್ಪೀಕರ್ ಏನು ಮಾಡುತ್ತವೆ? ಸ್ಟೀರಿಯೊ ಮೋಡ್‌ನಲ್ಲಿ ಸುಮ್ಮನೆ ಕೂತಿರುತ್ತವೆ, ಅಂದರೆ ಅವಕ್ಕೆ ಕೊಟ್ಟ ದುಡ್ಡೂ ಸುಮ್ಮನೆ ಕೂತಿರುತ್ತದೆ. ಸರೌಂಡ್ ಮೋಡ್ ಹಾಕಿದರೆ ಯಂತ್ರ ಊಹೆ ಮಾಡಿ ದನಿಯನ್ನು ಹಂಚುತ್ತದೆ. ಎರಡೂ ಚಾನಲ್‌ನಲ್ಲಿ ಸಮವಾಗಿರುವುದು ಸೆಂಟರ್‌ಗೆ, ಹೊಂದಿಕೆಯಾಗದ್ದು ಹಿಂದಕ್ಕೆ. ಕೆಲವು ಹಾಡಿಗೆ ಚೆನ್ನಾಗಿಯೇ ಕೇಳಿಸುತ್ತದೆ, ಸುಳ್ಳು ಹೇಳಲ್ಲ. ಆದರೆ ಇನ್ನು ಕೆಲವು ಹಾಡಿನಲ್ಲಿ ದನಿಯ ಬಾಲ, ಅಂದರೆ ಅದರ ಪ್ರತಿಧ್ವನಿ, ಇದ್ದಕ್ಕಿದ್ದಂತೆ ನಿಮ್ಮ ಬೆನ್ನ ಹಿಂದಿನಿಂದ ಬರುತ್ತದೆ.

ಇವೆಲ್ಲಕ್ಕಿಂತ ಜಾಸ್ತಿ ಕೆಡಿಸುವುದು ಬೇರೆ. ಮೂರು ಇಂಚಿನ ಕೋನ್‌ಗೆ ಕೆಳಗಿನ, ಅಂದರೆ ಬಾಸ್ ದನಿ ಹೊರಡಿಸುವ ತ್ರಾಣ ಇಲ್ಲ. (ದನಿ ಎಷ್ಟು ಕೆಳಗಿನದು, ಎಷ್ಟು ಮೇಲಿನದು ಅನ್ನುವುದರ ಅಳತೆ ಹರ್ಟ್ಸ್.) ಹಾಗಾಗಿ ಅಗ್ಗದ ಸೆಟ್‌ಗಳಲ್ಲಿ ಸುಮಾರು 150, ಕೆಲವು ಸಲ 200 ಹರ್ಟ್ಸ್‌ಗಿಂತ ಕೆಳಗಿನದ್ದನ್ನೆಲ್ಲ ಸಬ್‌ವೂಫರ್‌ಗೆ ತಳ್ಳಿಬಿಡುತ್ತಾರೆ. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ದನಿ ಯಾವ ಕಡೆಯಿಂದ ಬಂತು ಅಂತ ಕಿವಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ, ಅದಕ್ಕೇ ಸಬ್ ಎಲ್ಲಿಟ್ಟರೂ ನಡೆಯುತ್ತದೆ ಎನ್ನುವ ಮಾತು. ಆದರೆ 150 ಹರ್ಟ್ಸ್ ಬಂದ ದಿಕ್ಕು ಚೆನ್ನಾಗಿಯೇ ಗೊತ್ತಾಗುತ್ತದೆ. ಗಂಡು ದನಿಯ ಬುಡ ಇರುವುದೂ ಅಲ್ಲೇ. ಆಗ ಏನಾಗುತ್ತದೆ ಅಂದರೆ, ಹಾಡುವವನ ಗಂಟಲು ಟಿವಿ ಪಕ್ಕ, ಎದೆ ಸಬ್ ಇಟ್ಟಿರುವ ಸೋಫಾ ಹಿಂದಿನ ಮೂಲೆಯಲ್ಲಿ.

ಅಂಗಡಿಯಲ್ಲಿ ಇದು ತಿಳಿಯುವುದಿಲ್ಲ. ಅಲ್ಲಿ ಗುಂಡು ಸಿಡಿಯುವ, ಹೆಲಿಕಾಪ್ಟರ್ ಹಾರುವ ತುಣುಕು ಹಾಕುತ್ತಾರೆ, ನೆಲ ನಡುಗುತ್ತದೆ, ನಾವು ಮರುಳಾಗುತ್ತೇವೆ. ನೀವು ನೂರು ಸಲ ಕೇಳಿದ ಹಾಡೊಂದನ್ನು ತೆಗೆದುಕೊಂಡು ಹೋಗಿ. ಹೆಚ್ಚು ವಾದ್ಯ ಇಲ್ಲದ್ದು, ದನಿ ಮುಂದಿರುವಂಥದ್ದು. ಸಬ್‌ವೂಫರ್ ಆಫ್ ಮಾಡಿ ಒಂದು ನಿಮಿಷ ಕೇಳಿಸಿ ಅನ್ನಿ. ಉಳಿದದ್ದು ಹಳೇ ರೇಡಿಯೊ ತರಹ ಕೀರಲು ಕೀರಲಾಗಿದ್ದರೆ ಆ ಸೆಟ್ ಬಿಟ್ಟುಬಿಡಿ.

ಡಬ್ಬದ ಮೇಲಿನ ವಾಟ್‌ಗೂ ಮರುಳಾಗಬೇಡಿ. ಪಿಎಂಪಿಒ (ಒಂದು ಕ್ಷಣದ ಗರಿಷ್ಠ ಶಕ್ತಿ) ಅಂತ ಬರೆದ ಸಾವಿರಾರು ವಾಟ್‌ಗೆ ಅರ್ಥವೇ ಇಲ್ಲ, ಆರ್‌ಎಂಎಸ್ (ಎಡೆಬಿಡದೆ ಕೊಡಬಲ್ಲ ಶಕ್ತಿ) ಎಷ್ಟು ಅಂತ ಕೇಳಿ. ಅದರಲ್ಲೂ 50 ವಾಟ್ ಬದಲು 100 ವಾಟ್ ತಂದರೆ ಹೆಚ್ಚುವುದು ಬರೀ 3 ಡೆಸಿಬೆಲ್. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವಾಟ್ ಬೇಕು. ಅದಕ್ಕಿಂತ ಸ್ಪೀಕರ್‌ನ ಸೆನ್ಸಿಟಿವಿಟಿ, ಅಂದರೆ ಇಂತಿಷ್ಟು ಶಕ್ತಿಗೆ ಎಷ್ಟು ಸದ್ದು ಕೊಡುತ್ತದೆ ಅನ್ನುವುದು, ನೋಡುವುದು ಒಳ್ಳೆಯದು. 84 ಡೆಸಿಬೆಲ್‌ನ ಸ್ಪೀಕರ್‌ಗೆ 90 ಡೆಸಿಬೆಲ್‌ನದ್ದರಷ್ಟು ಸದ್ದು ಬರಬೇಕಾದರೆ ನಾಲ್ಕು ಪಟ್ಟು ಶಕ್ತಿ ಕೊಡಬೇಕು.

ಮನೆಯವರನ್ನು ಒಪ್ಪಿಸಲು ಒಂದು ದಾರಿ ಇದೆ. ಸ್ಟೀರಿಯೊ ಆಂಪ್ ಬದಲು ಎವಿ ರಿಸೀವರ್ (ಐದಾರು ಸ್ಪೀಕರ್ ಓಡಿಸಬಲ್ಲ ಆಂಪ್) ತಂದು, ಸದ್ಯಕ್ಕೆ ಎರಡೇ ಒಳ್ಳೆಯ ಬುಕ್‌ಶೆಲ್ಫ್ (ಸಣ್ಣ ಪೆಟ್ಟಿಗೆಯ) ಸ್ಪೀಕರ್ ಹಾಕಿ. ಸಿನಿಮಾದ ಚಟ ಹತ್ತಿದರೆ ಮುಂದೆ ಸೆಂಟರ್, ಆಮೇಲೆ ಸಬ್, ಕೊನೆಗೆ ಹಿಂದಿನವು ಅಂತ ಒಂದೊಂದೇ ಸೇರಿಸಬಹುದು. ಅಷ್ಟೇ ಬೆಲೆಯ ಸ್ಟೀರಿಯೊ ಆಂಪ್ ಹಾಡಿಗೆ ಒಂದು ಕೈ ಮೇಲಿರುತ್ತದೆ, ಹೌದು, ಆದರೆ ಆ ವ್ಯತ್ಯಾಸ ಸ್ಪೀಕರ್‌ಗಳ ನಡುವಿನ ವ್ಯತ್ಯಾಸದಷ್ಟು ದೊಡ್ಡದಲ್ಲ. ಡಬ್ಬದಲ್ಲಿ ಬರುವ ಸೆಟ್‌ನಲ್ಲಿ ಈ ಅನುಕೂಲ ಕಡಿಮೆ. ಎಷ್ಟೋ ಸೆಟ್‌ಗಳಲ್ಲಿ ಪ್ಲಗ್ಗೇ ಬೇರೆ ತರಹ, ಹೊರಗಿನ ಸ್ಪೀಕರ್ ಹೊಂದುವುದಿಲ್ಲ.

ತಂದ ಮೇಲೆ ಇಡುವ ಜಾಗ ನೋಡಿಕೊಳ್ಳಿ. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ, ಮೂರೂ ಸಮ ಬದಿಯ ತ್ರಿಕೋನ ಆಗಬೇಕು. ಟ್ವೀಟರ್ ಕಿವಿಯ ಮಟ್ಟಕ್ಕಿರಲಿ, ಹಿಂದಿನ ಗೋಡೆಯಿಂದ ಒಂದಡಿಯಾದರೂ ಮುಂದೆ ಬರಲಿ, ಮೂಲೆಗೆ ತುರುಕಿದರೆ ಬಾಸ್ ಗುಂಯ್‌ಗುಡುತ್ತದೆ. ನಾನೇ ಮೊದಲ ಜೋಡಿಯನ್ನು ಬೀರುವಿನ ಮೇಲೆ ಸೂರಿಗೆ ತಾಗುವ ಹಾಗೆ ಇಟ್ಟು, ಸ್ಪೀಕರೇ ಸರಿಯಿಲ್ಲ ಅಂತ ಆರು ತಿಂಗಳು ಬೈದವನು.

ಪ್ರಶ್ನೆ: ನನ್ನಲ್ಲಿ ಈಗಾಗಲೇ 5.1 ಸೆಟ್ ಇದೆ, ಬದಲಿಸುವ ಹಾಗಿಲ್ಲ. ಹಾಡಿಗೆ ಸ್ವಲ್ಪವಾದರೂ ಸುಧಾರಿಸಬಹುದಾ?

ಉತ್ತರ: ಖಂಡಿತ. ಹಾಡು ಕೇಳುವಾಗ ಸ್ಟೀರಿಯೊ ಮೋಡ್‌ಗೆ ಹಾಕಿ. ‘ಆಲ್ ಚಾನಲ್ ಸ್ಟೀರಿಯೊ’ ಬೇರೆ, ಅದು ಎಲ್ಲ ಡಬ್ಬಿಯಿಂದಲೂ ಅದೇ ಹಾಡು ಊದುತ್ತದೆ, ಮನೆಗೆ ಜನ ಸೇರಿದಾಗ ಮಾತ್ರ ಸರಿ. ಸಬ್‌ವೂಫರನ್ನು ಮುಂದಿನ ಎರಡು ಸ್ಪೀಕರ್ ನಡುವೆ ತಂದಿಟ್ಟು, ಅದು ಬೇರೆಯಾಗಿ ಕೇಳಿಸದಷ್ಟು ಇಳಿಸಿ. ಮೊದಲ ದಿನ ಸಪ್ಪೆ ಅನ್ನಿಸುತ್ತದೆ, ಮೂರು ದಿನ ತಡೆದುಕೊಳ್ಳಿ. ಆಮೇಲೆ ತಂತಿ ನೋಡಿ. ಒಂದು ಸ್ಪೀಕರ್‌ನ ಪ್ಲಸ್ ಮೈನಸ್ ಅದಲುಬದಲಾಗಿದ್ದರೆ ಬಾಸ್ ಬಡಕಲಾಗುತ್ತದೆ, ನಡುವಿನ ದನಿ ಕೋಣೆಯೆಲ್ಲ ಚೆದುರಿ ಹೋಗುತ್ತದೆ. ಎಷ್ಟೋ ಮನೆಗಳಲ್ಲಿ ಕಾಯಿಲೆ ಇದೇ ಆಗಿರುತ್ತದೆ, ಗುಣ ಮಾಡಲು ಎರಡು ನಿಮಿಷ ಸಾಕು.

ಪ್ರಶ್ನೆ: ಈಗ ಹಾಡುಗಳೂ ಡಾಲ್ಬಿ ಅಟ್ಮಾಸ್‌ನಲ್ಲಿ ಬರುತ್ತಿವೆಯಲ್ಲ, ಆಗಲೂ ಸ್ಟೀರಿಯೊ ಸಾಕಾ?

ಉತ್ತರ: ಸುತ್ತಲಿಂದಲೂ ತಲೆಯ ಮೇಲಿನಿಂದಲೂ ದನಿ ಕೇಳಿಸುವ ಅಟ್ಮಾಸ್ 2012ರಲ್ಲಿ ಚಿತ್ರಮಂದಿರಕ್ಕೆ ಅಂತ ಬಂದದ್ದು, ಈಚೆಗೆ ಹಾಡುಗಳನ್ನೂ ಅದರಲ್ಲಿ ಮಿಕ್ಸ್ ಮಾಡುತ್ತಿದ್ದಾರೆ. ಚೆನ್ನಾಗಿ ಮಾಡಿದ್ದು ನಿಜಕ್ಕೂ ಚೆನ್ನಾಗಿರುತ್ತದೆ. ಆದರೆ ಅದು ಸರಿಯಾಗಿ ಕೇಳಿಸಬೇಕಾದರೆ ಸುತ್ತಲೂ ಒಂದೇ ಗುಣದ ಸ್ಪೀಕರ್‌ಗಳು, ತಲೆಯ ಮೇಲೂ ಎರಡೋ ನಾಲ್ಕೋ ಬೇಕು. ನಿಮ್ಮ ಇಷ್ಟದ ಹಾಡುಗಳ ಪಟ್ಟಿ ತೆಗೆದು ಅದರಲ್ಲಿ ಅಟ್ಮಾಸ್ ಎಷ್ಟಿವೆ ಅಂತ ಎಣಿಸಿ, ಚಾವಣಿಗೆ ತೂತು ಕೊರೆಯುವ ಮಾತು ಆಮೇಲೆ.