ದೃಷ್ಟಿ ವಾಪಸ್ ಬಂತು, ಇನ್ನೂ ಔಷಧ ಬೇಕಾ?

ಪ್ರಶ್ನೆ: ನನ್ನ ತಂಗಿಗೆ 27 ವರ್ಷ. ಹೋದ ವರ್ಷ ಇದ್ದಕ್ಕಿದ್ದಂತೆ ಒಂದು ಕಣ್ಣು ಮಂಜಾಯಿತು, ಕಣ್ಣು ಹೊರಳಿಸಿದರೆ ನೋವು. ಎಂಆರ್‌ಐ ಮಾಡಿ ಮಲ್ಟಿಪಲ್ ಸ್ಕ್ಲೆರೋಸಿಸ್ ಅಂದರು. ವೈರಿನ ಮೇಲಿನ ಪ್ಲಾಸ್ಟಿಕ್ ಸುಲಿದ ಹಾಗೆ ನರದ ಕವಚ ಹಾಳಾಗಿದೆಯಂತೆ. ಈಗ ಚೆನ್ನಾಗಿ ಕಾಣಿಸುತ್ತೆ, ಬಿಸಿನೀರಿನ ಸ್ನಾನ ಮಾಡಿದಾಗ ಮಾತ್ರ ಸ್ವಲ್ಪ ಹೊತ್ತು ಮಸುಕು. ಕವಚ ಬೆಳೆದಾಯ್ತಲ್ಲ, ಔಷಧ ಯಾಕೆ ಅಂತಾಳೆ.
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ದಯವಿಟ್ಟು ಔಷಧ ನಿಲ್ಲಿಸಲು ಬಿಡಬೇಡಿ.

ಕಣ್ಣಿನ ನರ ಮಿದುಳಿನದೇ ಭಾಗ. ಅದಕ್ಕೆ ಕವಚ ಕಟ್ಟುವುದು ಆಲಿಗೋಡೆಂಡ್ರೊಸೈಟ್ ಎಂಬ ಜೀವಕೋಶ. 1921ರಲ್ಲಿ ಸ್ಪೇನಿನ ಪಿಯೊ ಡೆಲ್ ರಿಯೊ ಒರ್ತೆಗಾ ಇದಕ್ಕೆ ಈ ಹೆಸರಿಟ್ಟರು. ಈ ಕೋಶ ಸುತ್ತಲೂ ತೆಳು ಕೈಗಳನ್ನು ಚಾಚಿ, ಒಂದೊಂದು ಕೈಯಿಂದ ಒಂದೊಂದು ನರತಂತುವಿನ ತುಣುಕಿಗೆ ಕೊಬ್ಬು ತುಂಬಿದ ಪದರವನ್ನು ಸುತ್ತು ಸುತ್ತಾಗಿ ಸುತ್ತುತ್ತದೆ, ಅದೇ ಮಯಲಿನ್. ಹೀಗೆ ಒಂದೇ ಕೋಶ 50ರವರೆಗೂ ತುಣುಕುಗಳನ್ನು ನೋಡಿಕೊಳ್ಳಬಲ್ಲದು. ಕೈಕಾಲಿನ ನರಗಳಲ್ಲಿ ಈ ಕೆಲಸ ಮಾಡುವ ಶ್ವಾನ್ ಕೋಶಕ್ಕೆ ಒಂದೇ ತುಣುಕಿನ ಹೊಣೆ. ಹಾಗಾಗಿ ಮಿದುಳಿನಲ್ಲಿ ಒಂದು ಕೋಶ ಸತ್ತರೂ ಎಷ್ಟೋ ತಂತುಗಳು ಒಟ್ಟಿಗೆ ಬರಿದಾಗುತ್ತವೆ. ವೈರಿನ ಹೋಲಿಕೆ ಇಲ್ಲಿ ಸಾಲದು, ಪ್ಲಾಸ್ಟಿಕ್‌ಗೆ ಜೀವವಿಲ್ಲ. ಈ ಕೋಶ ಕವಚ ಕಟ್ಟುವುದರ ಜೊತೆಗೆ ತಂತುವಿಗೆ ಆಹಾರವನ್ನೂ ಒದಗಿಸುತ್ತದೆ, ಅದಕ್ಕೇ ಬಹಳ ಕಾಲ ಬರಿದಾಗಿ ಉಳಿದ ತಂತು ಕೊನೆಗೆ ಸಾಯಲೂಬಹುದು, ಸತ್ತದ್ದು ಮತ್ತೆ ಬೆಳೆಯುವುದಿಲ್ಲ.

ತಂಗಿ ಹೇಳುವುದರಲ್ಲೂ ಸ್ವಲ್ಪ ನಿಜ ಇದೆ. ದೊಡ್ಡವರ ಮಿದುಳಿನಲ್ಲೂ ಎಳೆಯ ಕೋಶಗಳು ಇರುತ್ತವೆ, ಅವು ಬಲಿತು ಹೊಸ ಕವಚ ಕಟ್ಟುತ್ತವೆ. ಆದರೆ ಆ ಕವಚ ಮೊದಲಿಗಿಂತ ತೆಳು, ಎಷ್ಟೋ ಕಡೆ ಅರ್ಧಂಬರ್ಧ. ದೃಷ್ಟಿ ಬಂದಿದ್ದಕ್ಕೆ ನರದ ಊತ ಇಳಿದದ್ದೂ ದೊಡ್ಡ ಕಾರಣ. ಸ್ನಾನದ ನಂತರದ ಮಸುಕೇ ನೋಡಿ. ಕವಚ ಸರಿಯಿಲ್ಲದ ತಂತುವಿನಲ್ಲಿ ಮೈಬಿಸಿ ಸ್ವಲ್ಪ ಏರಿದರೂ ಸಂದೇಶ ಮುಂದೆ ಹೋಗದೆ ನಿಲ್ಲುತ್ತದೆ, ತಣ್ಣಗಾದ ಮೇಲೆ ಸರಿಹೋಗುತ್ತದೆ. ಇದರಿಂದ ಹೊಸ ಹಾನಿ ಆಗುವುದಿಲ್ಲ, ಹೆದರಬೇಡಿ. ಉಗುರುಬೆಚ್ಚಗಿನ ನೀರು ಸಾಕು.

ಈ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಮಯಲಿನ್ ಮೇಲೆ ಬೀಳುತ್ತದೆ. ಈಗಿನ ಔಷಧಗಳು ಮುಖ್ಯವಾಗಿ ಆ ದಾಳಿಯನ್ನು ತಡೆಯುತ್ತವೆ, ಹೋದ ಕವಚವನ್ನು ತಂದುಕೊಡುವುದಿಲ್ಲ. ಆರಾಮಾಗಿದ್ದಾಗಲೂ ತೆಗೆದುಕೊಳ್ಳಬೇಕಾದ್ದು ಅದಕ್ಕೇ. ಹೊರಗೆ ಏನೂ ಗೊತ್ತಾಗದೆ ಎಂಆರ್‌ಐಯಲ್ಲಿ ಮಾತ್ರ ಹೊಸ ಕಲೆ ಕಾಣುವುದು ತುಂಬಾ ಸಾಮಾನ್ಯ.

ಮಸುಕು, ಜೋಮು ಅಥವಾ ಕಾಲಿನ ಬಲಹೀನತೆ ಹೊಸದಾಗಿ ಬಂದು ಒಂದು ದಿನ ದಾಟಿದರೆ ಕಾಯಬೇಡಿ, ನರರೋಗ ತಜ್ಞರಿಗೆ ಫೋನ್ ಮಾಡಿ. ಮಗು ಮಾಡಿಕೊಳ್ಳುವ ಯೋಚನೆ ಇದ್ದರೆ ಅದನ್ನೂ ಮೊದಲೇ ಹೇಳಲಿ, ಕೆಲವು ಔಷಧಗಳನ್ನು ಆಗ ಬದಲಾಯಿಸಬೇಕಾಗುತ್ತದೆ.