ನಡೆಯೋರ ದುಡ್ಡಿಗೆ ಮಾತ್ರ ಪೈಪೋಟಿ ಯಾಕೆ?

ಓದುಗರೊಬ್ಬರ ಪತ್ರದ ಸಾರ ಇಷ್ಟು: ಫುಟ್‌ಪಾತ್, ಸೈಕಲ್ ಟ್ರ್ಯಾಕ್ ಅಂತ ಸರ್ಕಾರ ಸ್ಥಳೀಯ ಸಂಸ್ಥೆಗಳಿಗೆ ಕೊಡೋ ಅನುದಾನವನ್ನ ಎಲ್ಲರಿಗೂ ಹಂಚಬಾರದು, ಸ್ಪರ್ಧೆ ಇಡಬೇಕು, ಪ್ರಸ್ತಾವನೆ ಚೆನ್ನಾಗಿದ್ದವರಿಗೆ ಮಾತ್ರ ದುಡ್ಡು, ವರ್ಷದೊಳಗೆ ಖರ್ಚು ಮಾಡದಿದ್ರೆ ವಾಪಸ್. "ಕಷ್ಟಪಡದೆ ಸಿಕ್ಕ ದುಡ್ಡಿಗೆ ಬೆಲೆ ಇರಲ್ಲ" ಅಂತ ಮುಗಿಸಿದ್ದಾರೆ.

ತೆರಿಗೆ ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ಇಷ್ಟು ಕಾಳಜಿಯಿಂದ ಬರೆಯೋರು ಕಡಿಮೆ, ಅದಕ್ಕೆ ನಿಮಗೆ ಧನ್ಯವಾದ. ಲೆಕ್ಕ ಕೇಳದೆ ದುಡ್ಡು ಸುರಿದ್ರೆ ಅದು ಹಾಳಾಗುತ್ತೆ ಅನ್ನೋದೂ ಒಪ್ಪೋ ಮಾತೇ. ಆದ್ರೆ ಪೈಪೋಟಿ ಇಟ್ರೆ ಕೆಲಸ ಚೆನ್ನಾಗಾಗುತ್ತೆ ಅಂದ್ರಲ್ಲ, ಅದನ್ನ ಮಾತ್ರ ನಾನು ಒಪ್ಪಲ್ಲ.

ಪೈಪೋಟಿಯಲ್ಲಿ ಗೆಲ್ಲೋರು ಯಾರು ಹೇಳಿ? ಅರ್ಜಿ ಚೆನ್ನಾಗಿ ಬರೆಯೋ ಊರು. ಕನ್ಸಲ್ಟೆಂಟ್ ಇಟ್ಕೊಂಡು, ಮ್ಯಾಪ್ ಹಾಕಿ, ಬಣ್ಣದ ಚಿತ್ರ ಸೇರಿಸಿ ಕಳಿಸೋ ಶಕ್ತಿ ಇರೋ ಊರು. ಸಣ್ಣ ಊರಲ್ಲಿ ಇರೋದೇ ಒಬ್ಬರು ಇಂಜಿನಿಯರ್, ನೀರು, ಚರಂಡಿ, ಬೀದಿ ದೀಪ ಎಲ್ಲಾ ಅವರ ತಲೆ ಮೇಲೇ, ಅವರು ಯಾವಾಗ ಕೂತು ಪ್ರಸ್ತಾವನೆ ಬರೀಬೇಕು? ಅಲ್ಲೂ ಮಕ್ಕಳು ಸ್ಕೂಲಿಗೆ ನಡ್ಕೊಂಡೇ ಹೋಗ್ತಾರೆ, ಲಾರಿ ಪಕ್ಕದಲ್ಲೇ.

ಅಮೆರಿಕದ್ದು ನೋಡಿ. 1991ರ ಸಾರಿಗೆ ಕಾಯ್ದೆಯಿಂದ ಕೇಂದ್ರದ ಹೆದ್ದಾರಿ ದುಡ್ಡಲ್ಲಿ ನಡಿಗೆ, ಸೈಕಲ್ ಕಾಮಗಾರಿಗೂ ಒಂದು ಪಾಲು ಸಿಕ್ತು, ದೊಡ್ಡ ಹೆಜ್ಜೆನೇ. ಆದ್ರೆ ಸಾಮಾನ್ಯವಾಗಿ ಕೇಂದ್ರದ್ದು 80 ಭಾಗ, ಉಳಿದ 20 ಸ್ಥಳೀಯರು ಹಾಕಬೇಕು, ಅದೂ ಮೊದಲು ತಮ್ಮ ಕೈಯಿಂದ ಖರ್ಚು ಮಾಡಿ ಆಮೇಲೆ ಬಿಲ್ ಕೊಟ್ಟು ವಾಪಸ್ ತಗೋಬೇಕು. 2005ರಲ್ಲಿ ಶಾಲಾ ಮಕ್ಕಳ ಸುರಕ್ಷಿತ ದಾರಿಗೆ ಅಂತ ಒಂದು ಯೋಜನೆ ಬಂತು, ಅದಕ್ಕೆ ಸ್ಥಳೀಯ ಪಾಲು ಬೇಕಿರಲಿಲ್ಲ, ಪೂರ್ತಿ ಕೇಂದ್ರದ್ದೇ. 2012ರಲ್ಲಿ ಅದನ್ನೂ ದೊಡ್ಡ ಯೋಜನೆಯೊಳಗೆ ಸೇರಿಸಿಬಿಟ್ರು, ಆ 20 ಭಾಗದ ಷರತ್ತು ಮತ್ತೆ ಬಂತು. ಖಜಾನೆ ಖಾಲಿ ಇರೋ ಊರಿಗೆ ಇದು ಬಾಗಿಲು ಹಾಕಿದ ಹಾಗೇ ಅಲ್ವಾ?

ಇನ್ನು ನಿಮ್ಮ "ವರ್ಷದೊಳಗೆ ಖರ್ಚು". ಪರಿಚಯದ ಇಂಜಿನಿಯರ್ ಒಬ್ಬರು ಹೇಳಿದ್ದು ನನಗೆ ಮರೆಯೋಕೇ ಆಗಲ್ಲ: ಗಡುವು ಹತ್ರ ಬಂದಾಗ ನಾವು ಜನಕ್ಕೆ ಎಲ್ಲಿ ಬೇಕು ಅಂತ ನೋಡಲ್ಲ ಸಾರ್, ಎಲ್ಲಿ ಯಾರೂ ತಕರಾರು ಮಾಡಲ್ಲ ಅಂತ ನೋಡ್ತೀವಿ. ಅಂದ್ರೆ ಕಂಬ ಸರಿಸಬೇಕಿಲ್ಲದ, ಪಾರ್ಕಿಂಗ್ ತೆಗೀಬೇಕಿಲ್ಲದ, ಬೇರೆ ಇಲಾಖೆ ಅನುಮತಿ ಬೇಡದ ಒಂದು ನೇರ ತುಂಡು. ಅಂಥ ಒಂದು ಟ್ರ್ಯಾಕ್ ಮುಗಿಯೋ ಜಾಗದಲ್ಲಿ ನಾನು ನಿಂತು ನೋಡಿದ್ದೀನಿ. ಕೆಂಪು ಬಣ್ಣ ಜಂಕ್ಷನ್‌ಗೆ ಸ್ವಲ್ಪ ಮುಂಚೆನೇ ನಿಂತುಹೋಗುತ್ತೆ, ಪಕ್ಕದ ಫುಟ್‌ಪಾತೂ ಅಲ್ಲಿಗೇ ಮುಗಿಯುತ್ತೆ, ಕೊನೆಯಲ್ಲಿ ಒಂದು ಗೇಣಿಗಿಂತ ಎತ್ತರದ ಕರ್ಬ್, ಅಂದ್ರೆ ಫುಟ್‌ಪಾತಿನ ಅಂಚುಕಲ್ಲು. ವಯಸ್ಸಾದ ಅಮ್ಮ ಒಬ್ಬರು ಚೀಲ ಕೆಳಗಿಟ್ಟು, ದೀಪದ ಕಂಬ ಹಿಡ್ಕೊಂಡು, ಅಡ್ಡಡ್ಡ ತಿರುಗಿ ಒಂದೊಂದೇ ಕಾಲು ಇಳಿಸಿದ್ರು, ಅವರು ಚೀಲ ಎತ್ಕೊಳ್ಳೋ ಹೊತ್ತಿಗೆ ಸಿಗ್ನಲ್ ಬದಲಾಗಿತ್ತು. ಕಡತದಲ್ಲಿ ಆ ಕಾಮಗಾರಿ "ಪೂರ್ಣ".

ಇಂಥ ತುಂಡುಗಳಿಂದ ಉಪಯೋಗ ಇಲ್ಲ ಅನ್ನೋದು ಹೊಸ ವಿಷಯವೇ ಅಲ್ಲ. ನೆದರ್ಲೆಂಡ್ಸ್ 1970ರ ದಶಕದಲ್ಲೇ ಸರ್ಕಾರದ ದುಡ್ಡಲ್ಲಿ ಹೇಗ್ ಮತ್ತು ಟಿಲ್ಬರ್ಗ್ ನಗರಗಳಲ್ಲಿ ಒಳ್ಳೊಳ್ಳೆ ಮಾದರಿ ಸೈಕಲ್ ಮಾರ್ಗ ಮಾಡಿ ನೋಡ್ತು. ಮಾರ್ಗ ಚೆನ್ನಾಗಿತ್ತು, ಆದ್ರೆ ಸೈಕಲ್ ಹೊಡೆಯೋರ ಸಂಖ್ಯೆ ಅಂದುಕೊಂಡಷ್ಟು ಏರಲಿಲ್ಲ, ಯಾಕಂದ್ರೆ ಅಲ್ಲಿಂದ ಆಚೆ ಮತ್ತೆ ಅದೇ ಹಳೇ ರಸ್ತೆ. ಅದರಿಂದ ಪಾಠ ಕಲಿತು 1980ರ ದಶಕದಲ್ಲಿ ಡೆಲ್ಫ್ಟ್‌ನಲ್ಲಿ ಊರಿಗೊಂದು, ಬಡಾವಣೆಗೊಂದು, ಬೀದಿಗೊಂದು ಅಂತ ಮೂರು ಹಂತದ ಜಾಲವನ್ನೇ ಹೆಣೆದ್ರು. ಸ್ಪೇನಿನ ಸೆವಿಲ್ಲಾ ಕೂಡ 2006ರ ನಂತರ ಕೆಲವೇ ವರ್ಷದಲ್ಲಿ ಒಂದಕ್ಕೊಂದು ಕೂಡೋ ಹಾಗೆ ಟ್ರ್ಯಾಕ್ ಮಾಡ್ತು, ಸೈಕಲ್ಲೇ ಕಾಣದ ಊರಲ್ಲಿ ಸವಾರರು ಹಲವು ಪಟ್ಟು ಜಾಸ್ತಿಯಾದ್ರು. ತುಂಡು ತುಂಡಾಗಿ, ವರ್ಷ ವರ್ಷ ಗೆದ್ದ ದುಡ್ಡಲ್ಲಿ ಇಂಥ ಜಾಲ ಹೆಣೆಯೋದು ಹೇಗೆ? ಇಂಗ್ಲೆಂಡಿನಲ್ಲಿ ಸರ್ಕಾರದ ಖರ್ಚಿನ ಲೆಕ್ಕ ತಪಾಸಣೆ ಮಾಡೋ ನ್ಯಾಷನಲ್ ಆಡಿಟ್ ಆಫೀಸ್ 2023ರ ವರದಿಯಲ್ಲಿ ಇದನ್ನೇ ಎತ್ತಿ ಹೇಳಿದೆ: ಅನುದಾನ ಬಿಡಿ ಬಿಡಿಯಾಗಿ, ಅನಿಶ್ಚಿತವಾಗಿ ಬಂದಿದ್ದಕ್ಕೆ ಸ್ಥಳೀಯ ಸಂಸ್ಥೆಗಳಿಗೆ ಮುಂದಿನದು ಯೋಚನೆ ಮಾಡೋಕೆ ಕಷ್ಟ ಆಯ್ತು ಅಂತ. ಅದೇ ವರ್ಷ ಸರ್ಕಾರ ಆ ಬಜೆಟ್ಟಿಗೂ ಕತ್ತರಿ ಹಾಕಿತ್ತು.

ನನಗೆ ಸಿಟ್ಟು ಬರೋದು ಎಲ್ಲಿ ಗೊತ್ತಾ? ಫ್ಲೈಓವರ್ ಬೇಕು ಅಂದಾಗ "ನೀವೆಷ್ಟು ಅರ್ಹರು, ಬರೆದು ತೋರಿಸಿ" ಅಂತ ಕಾರಿನವರನ್ನ ಯಾರೂ ಕೇಳಲ್ಲ. ಸಮೀಕ್ಷೆಗೆ ನಿಂತೋರು ವಾಹನ ಎಣಿಸ್ತಾರೆ, ನಡೆಯೋರನ್ನ ಎಷ್ಟೋ ಕಡೆ ಎಣಿಸೋದೇ ಇಲ್ಲ, ಎಣಿಸದೇ ಇದ್ದಮೇಲೆ ಬೇಡಿಕೆ ಇಲ್ಲ ಅಂತ ಬರೆಯೋದು ಸುಲಭ ಆಗುತ್ತೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2016ರಲ್ಲೇ ಹೇಳಿತ್ತು, ಸಾರಿಗೆ ಬಜೆಟ್ಟಿನ ಕನಿಷ್ಠ ಶೇ. 20 ನಡಿಗೆ ಮತ್ತು ಸೈಕಲ್‌ಗೆ ಇಡಿ ಅಂತ. ಅಷ್ಟು ಇಟ್ಟಿದ್ರೆ ಈ ಚೂರುಪಾರಿಗೆ ಊರೂರು ಕಿತ್ತಾಡೋ ಸ್ಥಿತಿ ಬರ್ತಿತ್ತಾ?

ನಿಮ್ಮ ಶಿಸ್ತನ್ನ ನಾನು ಬೇಡ ಅಂತಿಲ್ಲ, ಗುಣಮಟ್ಟದಲ್ಲಿ ಅದನ್ನ ತೋರಿಸಿ ಅಂತಿದ್ದೀನಿ. 2020ರಲ್ಲಿ ಇಂಗ್ಲೆಂಡ್ ಸೈಕಲ್ ಮಾರ್ಗಕ್ಕೆ ವಿನ್ಯಾಸದ ಮಾನದಂಡ ಹೊರಡಿಸಿ, ಬರೀ ಬಣ್ಣ ಬಳಿಯೋ ಕೆಲಸಕ್ಕೆ ದುಡ್ಡಿಲ್ಲ ಅಂತು. ಅದು ಸರಿಯಾದ ಕಟ್ಟುನಿಟ್ಟು. ಜನಸಂಖ್ಯೆ, ಅಪಘಾತ ನೋಡಿ ಎಲ್ಲಾ ಊರಿಗೂ ಪಾಲು ಕೊಡಿ, ಐದಾರು ವರ್ಷಕ್ಕೆ ಮೊದಲೇ ಹೇಳಿಬಿಡಿ, ಸರ್ವೆಗೆ ಮುಂಗಡ ಕೊಡಿ, ನಿರ್ವಹಣೆಗೂ ಒಂದು ಪಾಲು ತೆಗೆದಿಡಿ, ಆಮೇಲೆ ಕೆಲಸ ಕಳಪೆಯಾದ್ರೆ ಹಿಡಿದು ಕೇಳಿ.

ನಿಮ್ಮೂರಲ್ಲಿ ಮುಂದಿನ ಕಾಮಗಾರಿ ಮಂಜೂರಾದಾಗ ಒಂದು ಕೆಲಸ ಮಾಡಿ. ನಕ್ಷೆ ಕೇಳಿ ತಗೊಳ್ಳಿ, ಜಂಕ್ಷನ್ ಅದರೊಳಗಿದೆಯಾ ನೋಡಿ, ಮುರಿದ ಚಪ್ಪಡಿ ಹಾಕಿಸೋಕೆ ದುಡ್ಡಿಟ್ಟಿದ್ದಾರಾ ನೋಡಿ, ಸಿಕ್ಕಿದ್ದನ್ನ ನಮಗೆ ಬರೆದು ಕಳಿಸಿ. ಇದೇ ಪುಟದಲ್ಲಿ ಹಾಕ್ತೀವಿ.

— ಸಂ.